ಕ್ಯಾನ್ಸರ್ ಇರುವವರ ಮೈಗೆ ನೀರು ಸೇರಿ ಬಾವು ಬಂದಾಗ ಮನೆಯವರು ಮಾಡಬೇಕಾದ್ದು

ಕ್ಯಾನ್ಸರ್ ಇರುವವರ ಕಾಲು ಊದಿಕೊಂಡರೆ ಮನೆಯಲ್ಲಿ ಸಾಮಾನ್ಯವಾಗಿ ಮೂರು ಕೆಲಸ ನಡೆಯುತ್ತವೆ. ಒಬ್ಬರು ಎಣ್ಣೆ ಬಿಸಿ ಮಾಡಿ ತಿಕ್ಕಲು ಕೂರುತ್ತಾರೆ, ಇನ್ನೊಬ್ಬರು ಕುಡಿಯುವ ನೀರು ಕಡಿಮೆ ಮಾಡಿಸುತ್ತಾರೆ, ಮತ್ತೊಬ್ಬರು ಕೆಳಗಿನ ಮೆಡಿಕಲ್‌ನಿಂದ ಮೂತ್ರ ಹೆಚ್ಚು ಹೋಗಿಸುವ ಲ್ಯಾಸಿಕ್ಸ್ ಮಾತ್ರೆ ತರುತ್ತಾರೆ. ಮೂರೂ ಪ್ರೀತಿಯಿಂದಲೇ ಮಾಡುವಂಥವು. ಆದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಬಾವು ಬಂದಿದ್ದರೆ ತಿಕ್ಕುವುದು ಜೀವಕ್ಕೇ ಅಪಾಯ. ರಕ್ತದಲ್ಲಿ ಪ್ರೋಟೀನ್ ಇಳಿದು ಬಂದಿದ್ದರೆ ಕುಡಿಯುವ ನೀರು ಬಿಡಿಸುವುದರಿಂದ ಕಿಡ್ನಿ ಬಳಲುತ್ತದೆ, ಬಾವು ಇದ್ದಲ್ಲೇ ಇರುತ್ತದೆ. ಕಂಕುಳಿನ ಗಂಟುಗಳನ್ನು (ದುಗ್ಧಗ್ರಂಥಿಗಳನ್ನು) ತೆಗೆದ ಮೇಲೆ ಕೈ ಊದಿದ್ದರೆ ಅದಕ್ಕೆ ಲ್ಯಾಸಿಕ್ಸ್ ತಾಗುವುದೇ ಇಲ್ಲ. ಬಾವು ಇಳಿಸಲು ಹೊರಡುವ ಮೊದಲು ಅದು ಯಾವ ಬಾವು ಎಂದು ಗೊತ್ತಾಗಬೇಕು.

ಮುಂಬೈಯಲ್ಲೇ ನೆಲೆಸಿದ ಕನ್ನಡದ ಮನೆಗಳನ್ನೂ, ವಿಜಯಪುರ, ಕಲಬುರಗಿ, ಉಡುಪಿ ಕಡೆಯಿಂದ ಪರೇಲಿನ ಟಾಟಾ ಆಸ್ಪತ್ರೆಗೆ ಬಂದು ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಲ್ಲೋ ನೆಂಟರ ಖೋಲಿಯಲ್ಲೋ ಉಳಿದುಕೊಂಡವರನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇವೆ.

ಕಣ್ಣಿನಿಂದ, ಬೆರಳಿನಿಂದ ನೋಡುವುದು

ಬೆಳಕಿರುವ ಕಡೆ ಮಲಗಿಸಿ ಎರಡೂ ಕಾಲು, ಎರಡೂ ಕೈಗಳನ್ನು ಜೊತೆಗಿಟ್ಟು ನೋಡಿ. ಒಂದೇ ಕಡೆ ಊದಿದೆಯೇ, ಎರಡೂ ಕಡೆಯೇ? ಮೊಣಕಾಲ ಕೆಳಗೆ ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳನ್ನು ಹತ್ತು ಸೆಕೆಂಡು ಮೆತ್ತಗೆ ಒತ್ತಿ ಹಿಡಿದು ಬಿಡಿ. ಗುಳಿ ಬಿದ್ದು ನಿಧಾನವಾಗಿ ತುಂಬಿಕೊಂಡರೆ ಚರ್ಮದ ಕೆಳಗೆ ನೀರು ನಿಂತಿದೆ. ಹಾಸಿಗೆ ಹಿಡಿದವರಲ್ಲಿ ಈ ನೀರು ಕಾಲಿಗಿಂತ ಮೊದಲು ಸೊಂಟದ ಹಿಂಭಾಗದಲ್ಲಿ, ತೊಡೆಯ ಅಡಿಯಲ್ಲಿ ಸೇರುತ್ತದೆ. ಪಾದ ತೆಳ್ಳಗೆ ಕಾಣುತ್ತದೆ ಎಂದು ಅಲ್ಲಿ ನೋಡದೆ ಬಿಡಬೇಡಿ.

ಇನ್ನೊಂದು ಪರೀಕ್ಷೆ: ಹೆಬ್ಬೆರಳಿನ ಪಕ್ಕದ ಕಾಲ್ಬೆರಳಿನ ಬುಡದ ಚರ್ಮವನ್ನು ಚಿವುಟಿ ಎತ್ತಿ ನೋಡಿ. ಎತ್ತಲಾಗದಷ್ಟು ದಪ್ಪವಾಗಿ ಬಿಗಿದಿದ್ದರೆ ಅದು ಲಿಂಫೆಡೀಮಾ ಇರಬಹುದು, ಅಂದರೆ ದುಗ್ಧನಾಳಗಳ ದಾರಿ ಕಟ್ಟಿ ಬಂದ ಬಾವು. ಸ್ತನದ ಕ್ಯಾನ್ಸರಿಗೆ ಕಂಕುಳಿನ ಗಂಟು ತೆಗೆದವರಲ್ಲಿ ಕೈಗೆ, ಗರ್ಭಕೋಶ ಅಥವಾ ಗರ್ಭಕೊರಳಿನ ಕ್ಯಾನ್ಸರಿಗೆ ಆಪರೇಷನ್, ರೇಡಿಯೇಷನ್ ಆದವರಲ್ಲಿ ಕಾಲಿಗೆ ಇದು ಬರುತ್ತದೆ. ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೂ ಬರಬಹುದು.

ಎರಡೂ ಕಾಲು ಸಮವಾಗಿ, ಸಂಜೆ ಹೊತ್ತಿಗೆ ಹೆಚ್ಚು ಊದುತ್ತಿದ್ದರೆ ಕಾರಣ ಬೇರೆ ಇರುತ್ತದೆ. ರಕ್ತದ ಪ್ರೋಟೀನ್ ಆದ ಆಲ್ಬ್ಯುಮಿನ್ ಇಳಿದಿರಬಹುದು, ಹೃದಯ, ಕಿಡ್ನಿ, ಲಿವರ್ ಸೋತಿರಬಹುದು, ದಿನವಿಡೀ ಕಾಲು ಇಳಿಬಿಟ್ಟು ಕುರ್ಚಿಯಲ್ಲೇ ಕೂತದ್ದೂ ಸಾಕಾಗುತ್ತದೆ. ಮಾತ್ರೆಗಳಿಂದಲೂ ಬರುತ್ತದೆ, ಇದನ್ನು ಬಹಳ ಮನೆಗಳಲ್ಲಿ ಯಾರೂ ನೆನೆಯುವುದಿಲ್ಲ. ಡೆಕ್ಸಾಮೆಥಸೋನ್‌ನಂಥ ಸ್ಟೆರಾಯ್ಡ್, ಕೀಮೋದಲ್ಲಿ ಡೋಸಿಟ್ಯಾಕ್ಸೆಲ್, ನರನೋವಿಗೆ ಕೊಡುವ ಪ್ರಿಗ್ಯಾಬಲಿನ್, ಗ್ಯಾಬಾಪೆಂಟಿನ್, ಬಿಪಿಗೆ ಆಮ್ಲೊಡಿಪಿನ್, ಸಕ್ಕರೆ ಕಾಯಿಲೆಗೆ ಪಯೋಗ್ಲಿಟಜೋನ್, ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಇವೆಲ್ಲ ಬಾವು ತರಬಲ್ಲವು. ಇಮ್ಯಾಟಿನಿಬ್ ತೆಗೆದುಕೊಳ್ಳುವವರ ಕಣ್ಣಿನ ಸುತ್ತ ಬೆಳಿಗ್ಗೆ ಊದಿಕೊಳ್ಳುವುದು ಸಾಮಾನ್ಯ. ಆಮ್ಲೊಡಿಪಿನ್‌ನಿಂದ ಬಂದ ಬಾವಿಗೆ ಮೂತ್ರದ ಮಾತ್ರೆ ಕೊಟ್ಟು ಉಪಯೋಗವಿಲ್ಲ, ಬಿಪಿ ಮಾತ್ರೆಯನ್ನೇ ಬದಲಿಸಬೇಕಾಗುತ್ತದೆ. ಅದನ್ನು ವೈದ್ಯರು ಮಾಡಲಿ, ನೀವಾಗಿ ನಿಲ್ಲಿಸಬೇಡಿ. ಓಪಿಡಿಗೆ ಹೋಗುವಾಗ ಊರಿನ ಡಾಕ್ಟರು ಕೊಟ್ಟ ಹಳೆಯ ಮಾತ್ರೆಗಳ ಪಟ್ಟಿಯನ್ನೂ ಫೈಲಿನಲ್ಲಿಡಿ.

ಮನೆಮದ್ದಿಗೆ ಕೂರಬಾರದ ಬಾವುಗಳು

ಒಂದೇ ಕಾಲು ಒಂದೆರಡು ದಿನದಲ್ಲಿ ಊದಿ, ಮೀನಖಂಡ ನೋಯುತ್ತ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿದೆ ಎಂದೇ ತಿಳಿದು ಅವತ್ತೇ ರಕ್ತನಾಳದ ಹರಿವು ನೋಡುವ ಡಾಪ್ಲರ್ ಸೋನೋಗ್ರಫಿ ಮಾಡಿಸಿ. ಕ್ಯಾನ್ಸರ್ ಇರುವವರಿಗೆ ಇದರ ಸಂಭವ ಬೇರೆಯವರಿಗಿಂತ ಹೆಚ್ಚು. ತಿಕ್ಕಬೇಡಿ, ಬ್ಯಾಂಡೇಜು ಸುತ್ತಬೇಡಿ. ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಉಸಿರು ಕಟ್ಟುತ್ತದೆ, ಎದೆ ನೋಯುತ್ತದೆ. ಕೀಮೋ ಔಷಧಿ ಕೊಡಲು ತೋಳಿಗೆ ಪಿಕ್ ಲೈನ್ ಎಂಬ ನಳಿಗೆ ಅಥವಾ ಎದೆಯ ಚರ್ಮದಡಿ ಪೋರ್ಟ್ ಎಂಬ ಪುಟ್ಟ ಸಾಧನ ಹಾಕಿದವರಲ್ಲಿ ಆ ಕಡೆಯ ತೋಳು, ಕುತ್ತಿಗೆ ಊದಿದರೂ ಇದೇ ಎಚ್ಚರ ಬೇಕು.

ಮುಖ, ಕುತ್ತಿಗೆ ಬೆಳಿಗ್ಗೆ ಹೆಚ್ಚು ಊದಿ, ಬಗ್ಗಿದರೆ ತಲೆ ಭಾರವಾಗಿ, ಎದೆಯ ಮೇಲೆ ನರಗಳು ಎದ್ದು ಕಂಡರೆ ಎದೆಯೊಳಗಿನ ದೊಡ್ಡ ರಕ್ತನಾಳವನ್ನು ಗಡ್ಡೆ ಒತ್ತುತ್ತಿರಬಹುದು. ಮಲಗಿಸದೆ ಕೂರಿಸಿಕೊಂಡೇ ಆಸ್ಪತ್ರೆಗೆ ಕರೆದೊಯ್ಯಿರಿ.

ಬಾವಿರುವ ಕೈಯೋ ಕಾಲೋ ಕೆಂಪಗೆ ಬಿಸಿಯಾಗಿ ಚಳಿಜ್ವರ ಬಂದರೆ ಚರ್ಮದೊಳಗೆ ಸೋಂಕು ಹತ್ತಿದೆ. ಕೆಂಪಾದಷ್ಟರ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆಯಿರಿ. ಕೆಂಪು ಆ ಗೆರೆ ದಾಟಿತೋ ಇಲ್ಲವೋ ನೋಡಿದರೆ ಎಷ್ಟು ವೇಗವಾಗಿ ಹರಡುತ್ತಿದೆ ಎಂದು ವೈದ್ಯರಿಗೆ ತಿಳಿಯುತ್ತದೆ. ಲಿಂಫೆಡೀಮಾಗೆಂದು ಬಿಗಿ ತೋಳುಚೀಲ (ಕಂಪ್ರೆಷನ್ ಸ್ಲೀವ್) ಹಾಕಿದ್ದರೆ ತೆಗೆಯಿರಿ, ಆಂಟಿಬಯೋಟಿಕ್ ಅದೇ ದಿನ ಶುರುವಾಗಬೇಕು. ಕೀಮೋ ನಡೆಯುತ್ತಿರುವವರಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಕ್ರೋಸಿನ್ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ತುರ್ತಿಗೆ ಮಹಾರಾಷ್ಟ್ರದಲ್ಲಿ ಆಂಬ್ಯುಲೆನ್ಸ್ ಸಂಖ್ಯೆ 108. ಲಿಫ್ಟ್ ಇಲ್ಲದ ಚಾಳಿನ ಮೂರನೇ ಮಹಡಿಯಲ್ಲಿದ್ದರೆ ಅದನ್ನು ಫೋನಿನಲ್ಲೇ ಹೇಳಿ, ಹೊತ್ತು ಇಳಿಸುವ ಕುರ್ಚಿಯನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ.

ನೂರು ಪುಟದ ನೋಟ್‌ಬುಕ್ಕು, ಟೈಲರ್ ಟೇಪು

"ನಿನ್ನೆಗಿಂತ ಜಾಸ್ತಿ ಅನಿಸ್ತದೆ" ಎಂದರೆ ಓಪಿಡಿಯಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ. ಅಂಕಿ ಬೇಕು. ಬೆಳಿಗ್ಗೆ ಮೂತ್ರ ಮಾಡಿಸಿ, ತಿಂಡಿಗೆ ಮೊದಲು, ಒಂದೇ ಬಗೆಯ ಬಟ್ಟೆಯಲ್ಲಿ ತೂಕ ನೋಡಿ. ಒಂದು ದಿನಕ್ಕೆ 1 ಕಿಲೋ ಅಥವಾ ವಾರಕ್ಕೆ 2 ಕಿಲೋ ಏರಿದರೆ ಅದು ಊಟದಿಂದ ಬಂದ ತೂಕವಲ್ಲ, ನೀರು. ಫೋನ್ ಮಾಡಿ ತಿಳಿಸಿ. ಕಾಲು, ಕೈ, ಮುಖ ಸೊರಗುತ್ತಿದ್ದು ತೂಕ ಮಾತ್ರ ನಿಂತಲ್ಲೇ ಇದ್ದರೂ ಸಂಶಯಪಡಿ. ಮಾಂಸ ಕರಗಿದಷ್ಟು ನೀರು ತುಂಬಿರುತ್ತದೆ.

ಹೊಟ್ಟೆಗಾದರೆ ಅಂಗಾತ ಮಲಗಿಸಿ, ಹೊಕ್ಕುಳಿನ ಮಟ್ಟದಲ್ಲಿ, ಉಸಿರು ಬಿಟ್ಟ ಕೊನೆಗೆ ಅಳೆಯಿರಿ. ಎರಡೂ ಪಕ್ಕದಲ್ಲಿ ಪೆನ್ನಿನಿಂದ ಗುರುತಿಟ್ಟರೆ ಟೇಪು ದಿನಾ ಒಂದೇ ಜಾಗದಲ್ಲಿ ಕೂರುತ್ತದೆ. ಕೈಗಾದರೆ ಮಣಿಕಟ್ಟಿನಿಂದ ಮೇಲಕ್ಕೆ 10 ಸೆಂಟಿಮೀಟರಿಗೊಂದರಂತೆ, ಎರಡೂ ಕೈಗೆ. ಯಾವುದೇ ಜಾಗದಲ್ಲಿ 2 ಸೆಂಟಿಮೀಟರ್ ವ್ಯತ್ಯಾಸ ಬಂದರೆ ಫಿಸಿಯೋಥೆರಪಿಗೆ ತೋರಿಸುವ ಸಮಯ ಬಂತು. ಆರಂಭದ ಲಿಂಫೆಡೀಮಾ ಹಿಡಿತಕ್ಕೆ ಬರುತ್ತದೆ, ಚರ್ಮ ಗಟ್ಟಿಯಾದ ಮೇಲೆ ಬರುವುದು ಕಷ್ಟ.

ಮೂತ್ರ ಎಷ್ಟಾಯಿತು ಎಂದೂ ಬರೆಯಿರಿ. ವಾರ್ಡಿನಲ್ಲಿ ಸಿಸ್ಟರ್ "ಲಘ್ವಿ ಕಿತೀ ಝಾಲೀ" ಎಂದು ಕೇಳುವುದು ಇದನ್ನೇ. 1 ಲೀಟರಿನ ಅಳತೆ ಜಗ್ಗು ಒಂದನ್ನು ಇದಕ್ಕೇ ಮೀಸಲಿಡಿ. ಇಡೀ ದಿನಕ್ಕೆ ಅರ್ಧ ಲೀಟರಿಗಿಂತ ಕಡಿಮೆಯಾದರೆ ತಿಳಿಸಿ.

ಕೈಗೆ ಬಂದ ಲಿಂಫೆಡೀಮಾ

ಬಳೆ, ಉಂಗುರಗಳನ್ನು ಆ ಕೈಯಿಂದ ಈಗಲೇ ತೆಗೆಯಿರಿ, ಬೆರಳು ಊದಿದ ಮೇಲೆ ಕತ್ತರಿಸಬೇಕಾಗುತ್ತದೆ. ಬಿಗಿ ತೋಳಿನ ರವಿಕೆ, ತೋಳಿಗೆ ನೇತುಹಾಕುವ ತರಕಾರಿ ಚೀಲ ಬೇಡ. ಬಿಪಿ ನೋಡುವುದು, ಸೂಜಿ ಚುಚ್ಚುವುದು ಸಾಧ್ಯವಾದಷ್ಟು ಇನ್ನೊಂದು ಕೈಗೆ. ನಮ್ಮ ಮನೆಗಳಲ್ಲಿ ಬಾವು ಎಂದರೆ ಕೂಡಲೇ ಶಾಖ ಕೊಡುತ್ತೇವೆ. ಇಲ್ಲಿ ಅದು ಬಾವನ್ನು ಹೆಚ್ಚಿಸುತ್ತದೆ, ಅದೂ ಅಲ್ಲದೆ ಸ್ಪರ್ಶ ಮಂದವಾದ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಒಗ್ಗರಣೆ ಸಿಡಿದ ಗುಳ್ಳೆ, ಈಳಿಗೆಮಣೆ ತಾಗಿದ ಗೀರು, ಸೊಳ್ಳೆ ಕಚ್ಚಿ ಕೆರೆದ ಜಾಗ, ಉಗುರಿನ ಬುಡದ ಸಿವುರು: ಸೋಂಕು ಒಳಹೊಗುವುದು ಇಂಥ ಸಣ್ಣ ಬಾಗಿಲಿನಿಂದಲೇ. ಪಾತ್ರೆ ತೊಳೆಯುವಾಗ ರಬ್ಬರ್ ಗ್ಲೌಸು, ಸ್ನಾನದ ನಂತರ ಮತ್ತು ಮಲಗುವ ಮುನ್ನ ಸುವಾಸನೆ ಇಲ್ಲದ ಕ್ರೀಮು.

ಹಾಗೆಂದು ಕೈಯನ್ನು ಸುಮ್ಮನೆ ಮಡಿಲಲ್ಲಿಟ್ಟು ಕೂರುವುದೂ ತಪ್ಪು. ಸ್ನಾಯು ಆಡಿದರೇ ದುಗ್ಧರಸ ಮೇಲೇರುವುದು. ಕೈಯನ್ನು ದಿಂಬಿನ ಮೇಲೆ ಎದೆಯ ಮಟ್ಟಕ್ಕಿಂತ ಮೇಲಿಟ್ಟು ಮುಷ್ಟಿ ಹಿಡಿದು ಬಿಡುವುದು, ಮೊಣಕೈ ಮಡಚಿ ಬಿಡಿಸುವುದು, ತಲಾ 10ರಿಂದ 15 ಸಲ, ದಿನಕ್ಕೆ ಮೂರು ಹೊತ್ತು. ಮನೆಗೆಲಸ ನಿಧಾನವಾಗಿ ಮಾಡಬಹುದು.

ಲಿಂಫೆಡೀಮಾಗೆ ಮಸಾಜು ಇದೆ, ಆದರೆ ಅದು ನಮ್ಮ ಎಣ್ಣೆ ತಿಕ್ಕುವಿಕೆಯಲ್ಲ. ಚರ್ಮವನ್ನಷ್ಟೇ ಮೆಲ್ಲಗೆ ಜರುಗಿಸುವಷ್ಟು ಹಗುರ. ಮೊದಲು ಕುತ್ತಿಗೆ, ಇನ್ನೊಂದು ಕಂಕುಳಿನ ಕಡೆ ದಾರಿ ತೆರೆದು, ಆಮೇಲೆ ಊದಿದ ಕೈಗೆ ಬರುತ್ತಾರೆ. ಕಲಿತವರಿಂದ ಒಮ್ಮೆ ಕಣ್ಣಾರೆ ಕಲಿಯದೆ ಕೈ ಹಾಕಬೇಡಿ. ಬಟ್ಟೆ ಸುತ್ತುವುದೂ ಹಾಗೆಯೇ. ಮೆಡಿಕಲ್‌ನ ಕ್ರೇಪ್ ಬ್ಯಾಂಡೇಜನ್ನು ಮೇಲಿನ ಕಡೆ ಬಿಗಿಯಾಗಿ ಸುತ್ತಿದರೆ ಅದರ ಕೆಳಗಿನ ಭಾಗ ಇನ್ನಷ್ಟು ಊದುತ್ತದೆ. ಬಿಗಿ ಬೆರಳ ಕಡೆ ಹೆಚ್ಚು, ಮೇಲೇರಿದಂತೆ ಕಡಿಮೆ ಇರಬೇಕು. ಬಿಗಿ ತೋಳುಚೀಲವನ್ನು ಅಳತೆ ಕೊಟ್ಟು ಕೊಳ್ಳಿ. ಬೆಳಿಗ್ಗೆ ಏಳುತ್ತಲೇ ಹಾಕಿ, ರಾತ್ರಿ ತೆಗೆಯಿರಿ. ರಬ್ಬರ್ ಗ್ಲೌಸು ಹಾಕಿಕೊಂಡು ಎಳೆದರೆ ಸಲೀಸು. ಮೇಲಂಚನ್ನು ಮಡಚಬೇಡಿ. ಬೆರಳು ನೀಲಿಯಾದರೆ, ಜೋಮು ಹಿಡಿದರೆ ತಕ್ಷಣ ಬಿಚ್ಚಿ. ಸುಮಾರು ಆರು ತಿಂಗಳಿಗೆ ಅದರ ಬಿಗಿ ಹೋಗುತ್ತದೆ. ಮುಂಬೈ ಮಳೆಗಾಲದಲ್ಲಿ ತೊಳೆದದ್ದು ಒಣಗುವುದಿಲ್ಲವಾದ್ದರಿಂದ ಎರಡು ಇರಲಿ. ಹೃದಯ ಸೋತವರಿಗೆ, ಕಾಲಿನ ರಕ್ತಸಂಚಾರ ಕಡಿಮೆ ಇರುವವರಿಗೆ, ಸೋಂಕು ಇರುವಾಗ ಯಾವ ಬಿಗಿಯೂ ಬೇಡ.

ಎರಡೂ ಕಾಲು ಊದಿದಾಗ

ಕೂತಲ್ಲೇ ಒಂದು ಸ್ಟೂಲಿನ ಮೇಲೆ ಕಾಲಿಟ್ಟರೆ ಸಾಲದು. ಮಲಗಿಸಿ, ಕಾಲು ಎದೆಯ ಮಟ್ಟಕ್ಕಿಂತ ಮೇಲೆ ಬರುವಂತೆ ದಿಂಬು ಇಡಿ, 20ರಿಂದ 30 ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ. ದಿಂಬು ಮೀನಖಂಡದಡಿ ಉದ್ದಕ್ಕೆ ಬರಲಿ, ಹಿಮ್ಮಡಿ ಗಾಳಿಯಲ್ಲಿ ತೇಲಲಿ. ಹಿಮ್ಮಡಿ ಒತ್ತಿದರೆ ಎರಡೇ ದಿನದಲ್ಲಿ ಹುಣ್ಣಾಗುತ್ತದೆ. ಮಲಗಿದರೆ ಉಸಿರು ಕಟ್ಟುವವರಿಗೆ ಕಾಲು ಎತ್ತಬೇಡಿ, ನೀರು ಎದೆಗೆ ಭಾರವಾಗುತ್ತದೆ. ಪಾದವನ್ನು ಮೇಲೆ ಕೆಳಗೆ ಆಡಿಸುವುದು ಎಲ್ಲರಿಗೂ ಆಗುತ್ತದೆ, ಗಂಟೆಗೊಮ್ಮೆ 20 ಸಲ. ಗಂಡಸರಲ್ಲಿ ವೃಷಣದ ಚೀಲ ಊದಿ ನೋಯುತ್ತದೆ. ಹೇಳಿಕೊಳ್ಳಲು ನಾಚುತ್ತಾರೆ, ನೀವೇ ಕೇಳಿ. ಮಡಚಿದ ಮೆತ್ತನೆ ಟವೆಲನ್ನು ಅಡಿಗಿಟ್ಟು ಎತ್ತಿ ಹಿಡಿದರೆ ಬಹಳ ಆರಾಮ.

ಜುಲೈ, ಆಗಸ್ಟಿನಲ್ಲಿ ಪರೇಲ್, ಹಿಂದ್‌ಮಾತಾ ಕಡೆ ರಸ್ತೆಯಲ್ಲಿ ನೀರು ನಿಂತಾಗ ಊದಿದ ಕಾಲನ್ನು ಅದರಲ್ಲಿ ಇಳಿಸಲೇಬೇಡಿ. ಬಿರುಕು ಬಿಟ್ಟ ಚರ್ಮದ ಮೂಲಕ ಇಲಿಜ್ವರ ಬರುವುದು ಆ ನೀರಿನಿಂದಲೇ. ಅಪಾಯಿಂಟ್‌ಮೆಂಟ್ ಒಂದು ದಿನ ಮುಂದೆ ಹೋದರೂ ಹೋಗಲಿ, ಫೋನ್ ಮಾಡಿ ಕೇಳಿ. ಕಾಲ್ಬೆರಳ ಸಂದು ದಿನಾ ಒಣಗಿಸಿ. ಅಲ್ಲಿ ಬಿಳಿಚಿಕೊಂಡು ಸುಲಿದರೆ ಶಿಲೀಂಧ್ರ ಹತ್ತಿದೆ, ಕ್ಲೋಟ್ರಿಮಜೋಲ್ ಪುಡಿ ಹಾಕಿ.

ಉಪ್ಪು, ಸಲೈನು, ಪ್ರೋಟೀನು

ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಮಟ್ಟಸ ಟೀ ಚಮಚ, ಎಲ್ಲರಿಗೂ ಹೇಳುವ ಮಿತಿ. ಅಡುಗೆಗೆ ಉಪ್ಪು ಹಾಕುವ ಮೊದಲು ರೋಗಿಯ ಪಾಲನ್ನು ತೆಗೆದಿಟ್ಟು, ಅವರ ದಿನದ ಉಪ್ಪನ್ನು ಬೆಳಿಗ್ಗೆಯೇ ಒಂದು ಪುಟ್ಟ ಡಬ್ಬಿಗೆ ಅಳೆದು ಹಾಕಿ, ಅದರಿಂದಷ್ಟೇ ಬಡಿಸಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕ, ಒಣಮೀನು ಎಲ್ಲರಿಗೂ ಗೊತ್ತಿರುವಂಥವು. ಕಣ್ಣಿಗೆ ಬೀಳದ ಉಪ್ಪೇ ಹೆಚ್ಚು: ಪಾವ್, ಖಾರಿ ಬಿಸ್ಕತ್ತು, ಫರಸಾಣ, ಅಂಗಡಿಯ ಮಜ್ಜಿಗೆ, ಉಪ್ಪು ಬೆರೆಸಿದ ಕೋಕಂ ಅಗಳ, ಗ್ಯಾಸಿಗೆ ಕುಡಿಯುವ ಇನೋ, ನೀರಿನಲ್ಲಿ ಬುಸುಗುಟ್ಟುವ ಮಾತ್ರೆ, ಸುಸ್ತು ಎಂದು ಕಲಸಿಕೊಡುವ ಓಆರ್‌ಎಸ್. ರುಚಿಗೆ ನಿಂಬೆ, ಉಪ್ಪಿಲ್ಲದ ಒಣ ಕೋಕಂ, ಶುಂಠಿ, ಕೊತ್ತಂಬರಿ, ಬೆಳ್ಳುಳ್ಳಿ ಒಗ್ಗರಣೆ ಇವೆಯಲ್ಲ. ಸೋಡಿಯಂ ಕಡಿಮೆ ಇರುವ ಪ್ಯಾಕೆಟ್ ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ, ಕಿಡ್ನಿ ಸೋತವರಿಗೆ ಅದು ಅಪಾಯ.

ಇಷ್ಟೆಲ್ಲ ಹೇಳಿದರೂ, ಎರಡು ತುತ್ತಷ್ಟೇ ತಿನ್ನುತ್ತಿರುವ ಅಮ್ಮನಿಗೆ ಸಪ್ಪೆ ಗಂಜಿ ಕೊಟ್ಟು ಆ ಎರಡು ತುತ್ತೂ ತಪ್ಪಿಸುವುದು ನ್ಯಾಯವಲ್ಲ. ಅಂಥವರಿಗೆ ಅನ್ನಕ್ಕೆ ಚೂರು ಉಪ್ಪಿನಕಾಯಿ ಕೊಡಿ, ತಿನ್ನಲಿ.

ಅದಕ್ಕಿಂತ ದೊಡ್ಡ ಉಪ್ಪು ಬಾಟಲಿಯಲ್ಲಿ ಬರುತ್ತದೆ. ನಿಶ್ಶಕ್ತಿ ಎಂದು ಗಲ್ಲಿಯ ಕ್ಲಿನಿಕ್ಕಿನಲ್ಲಿ ಸಲೈನ್ ಏರಿಸಿಕೊಳ್ಳುವ ರೂಢಿ ಇದೆ. 1 ಲೀಟರ್ ನಾರ್ಮಲ್ ಸಲೈನಿನಲ್ಲಿ 9 ಗ್ರಾಂ ಉಪ್ಪಿದೆ, ಅಡುಗೆಮನೆಯಲ್ಲಿ ಎರಡು ದಿನ ಉಳಿಸಿದ್ದೆಲ್ಲ ಒಂದು ಮಧ್ಯಾಹ್ನದಲ್ಲಿ ಒಳಗೆ ಹೋಗುತ್ತದೆ. ಆಲ್ಬ್ಯುಮಿನ್ ಕಡಿಮೆ ಇರುವವರಲ್ಲಿ ಆ ನೀರು ರಕ್ತದಲ್ಲಿ ನಿಲ್ಲದೆ ಕಾಲಿಗೆ, ಹೊಟ್ಟೆಗೆ, ಎದೆಗೆ ಸೋರುತ್ತದೆ. ಬಾವಿದೆ ಎಂದು ಹೇಳದೆ ಬಾಟಲಿ ಏರಿಸಿಕೊಳ್ಳಬೇಡಿ.

ಕುಡಿಯುವ ನೀರನ್ನು ವೈದ್ಯರು ಹೇಳದೆ ಕಡಿತ ಮಾಡಬೇಡಿ. ಬಾರ್ಲಿ ನೀರಿನಿಂದ ಕೆಡುಕಿಲ್ಲ, ಆದರೆ ಅದು ಔಷಧಿಯಲ್ಲ, ಹೊಟ್ಟೆ ತುಂಬಿಸಿ ಊಟ ತಪ್ಪಿಸುತ್ತದೆ. ಪುನರ್ನವ ಕಷಾಯ ಕೊಡುತ್ತಿದ್ದರೆ ಕೀಮೋ ವೈದ್ಯರಿಗೆ ತಿಳಿಸಲೇಬೇಕು.

ಪ್ರೋಟೀನ್: ತೂಕದ ಕಿಲೋಗೆ 1ರಿಂದ 1.5 ಗ್ರಾಂ, ಅಂದರೆ 50 ಕಿಲೋ ಇರುವವರಿಗೆ 50ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7, 100 ಗ್ರಾಂ ಪನೀರಿನಲ್ಲಿ 18ರ ಆಸುಪಾಸು. ಕಿಡ್ನಿ ತೊಂದರೆ ಇದ್ದರೆ ಈ ಲೆಕ್ಕ ಬೇರೆ. ಆಲ್ಬ್ಯುಮಿನ್ ಬಾಟಲಿ ದುಬಾರಿ, ಅದರ ಪರಿಣಾಮ ಕೆಲವೇ ದಿನ. ಯಾರಾದರೂ ಬರೆದುಕೊಟ್ಟರೆ ಯಾತಕ್ಕೆ, ಎಷ್ಟು ದಿನಕ್ಕೆ ಎಂದು ಕೇಳಿ.

ಮೂತ್ರದ ಮಾತ್ರೆಗಳು

ಲ್ಯಾಸಿಕ್ಸ್ ಒಂದು ಗಂಟೆಯೊಳಗೆ ಕೆಲಸ ಶುರುಮಾಡಿ ಸುಮಾರು 6 ಗಂಟೆ ಓಡಿಸುತ್ತದೆ. ಬೆಳಿಗ್ಗೆಯೇ ಕೊಡಿ. ಎರಡನೇ ಮಾತ್ರೆ ಇದ್ದರೆ ಮಧ್ಯಾಹ್ನ ಎರಡರೊಳಗೆ. ರಾತ್ರಿ ಕೊಟ್ಟರೆ ಚಾಳಿನ ಹೊರಗಿನ ಶೌಚಾಲಯಕ್ಕೆ ಕತ್ತಲಲ್ಲಿ ಓಡಿ ಬೀಳುತ್ತಾರೆ. ಮಂಚದ ಪಕ್ಕ ಕಮೋಡ್ ಕುರ್ಚಿ ಇಟ್ಟರೆ ಹಗಲಿಗೂ ಒಳ್ಳೆಯದು. ಸ್ಪೈರೊನೊಲ್ಯಾಕ್ಟೋನ್ ನಿಧಾನ, ಫಲ ಕಾಣಲು ಕೆಲವು ದಿನ ಬೇಕು, ಮತ್ತು ಅದು ಪೊಟ್ಯಾಶಿಯಂ ಏರಿಸುತ್ತದೆ. ಆ ಮಾತ್ರೆ ನಡೆಯುವಾಗ ದಿನಾ ಎಳನೀರು ಕೊಡಬೇಡಿ. ರಕ್ತದ ಸೋಡಿಯಂ, ಪೊಟ್ಯಾಶಿಯಂ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಗಳನ್ನು ಹೇಳಿದ ದಿನ ಮಾಡಿಸಿ. ವಾಂತಿ, ಭೇದಿ ಶುರುವಾದರೆ, ನಿಂತಾಗ ತಲೆ ಸುತ್ತಿದರೆ, ಮಾತು ತೊದಲಿ ಗೊಂದಲಗೊಂಡರೆ ಮುಂದಿನ ಮಾತ್ರೆ ಕೊಡುವ ಮೊದಲು ಫೋನ್ ಮಾಡಿ.

ಹೊಟ್ಟೆಯ ನೀರು, ಎದೆಯ ನೀರು

ಅಂಡಾಶಯ, ಜಠರ, ಕರುಳು, ಪ್ಯಾಂಕ್ರಿಯಾಸ್, ಲಿವರ್ ಕ್ಯಾನ್ಸರುಗಳಲ್ಲಿ ಹೊಟ್ಟೆಗೆ ನೀರು ತುಂಬುತ್ತದೆ. ನಾಲ್ಕು ತುತ್ತಿಗೇ ಹೊಟ್ಟೆ ಬಿರಿದಂತಾಗುವುದರಿಂದ ದಿನಕ್ಕೆ ಆರು ಸಲ ಅಂಗೈಯಷ್ಟು ಕೊಡಿ, ಮಲಗಿಸುವಾಗ ಬೆನ್ನನ್ನು ಎತ್ತರಿಸಿ, ಲಾಡಿ ಕಟ್ಟುವ ಲಂಗ, ಪಾಯಿಜಾಮಾ ಬಿಟ್ಟು ಸಡಿಲ ನೈಟಿ ಅಥವಾ ಲುಂಗಿ ಉಡಿಸಿ.

ಸೂಜಿಯಿಂದ ನೀರು ತೆಗೆಯುವುದಕ್ಕೆ ಭಯಪಡುವವರು ಬಹಳ. ಒಮ್ಮೆ ತೆಗೆದರೆ ಮತ್ತೆ ಮತ್ತೆ ತುಂಬುತ್ತದಂತೆ ಎನ್ನುತ್ತಾರೆ. ತುಂಬುವುದು ರೋಗದಿಂದ, ತೆಗೆದದ್ದರಿಂದಲ್ಲ. ಮೊದಲೇ ಹೇಳಬೇಕಾದ್ದು: ರಕ್ತ ತೆಳುವಾಗಿಸುವ ಮಾತ್ರೆ, ಇಂಜೆಕ್ಷನ್ ನಡೆಯುತ್ತಿದೆಯೇ. ಮೂತ್ರ ಮಾಡಿಸಿ ಕರೆದೊಯ್ಯಿರಿ. ಎಷ್ಟು ಲೀಟರ್ ತೆಗೆದರು, ಬಣ್ಣ ಯಾವುದು ಎಂದು ನೋಟ್‌ಬುಕ್ಕಿಗೆ ಬರೆಯಿರಿ. ಬಿಪಿ ಇಳಿಯಬಹುದಾದ್ದರಿಂದ ತಕ್ಷಣ ಎಬ್ಬಿಸಿ ಟ್ಯಾಕ್ಸಿ ಹತ್ತಿಸಬೇಡಿ. ಚುಚ್ಚಿದ ಜಾಗ ಒಂದೆರಡು ದಿನ ಸೋರಿದರೆ ಅದು ಮೇಲೆ ಬರುವಂತೆ ಇನ್ನೊಂದು ಮಗ್ಗುಲಿಗೆ ಮಲಗಿಸಿ. ಬ್ಯಾಂಡೇಜು ನೆನೆಯುತ್ತಲೇ ಇದ್ದರೆ ಸಿಸ್ಟರ್ ಹತ್ತಿರ ಸ್ಟೋಮಾ ಚೀಲ (ಚರ್ಮಕ್ಕೆ ಅಂಟುವ ಪ್ಲಾಸ್ಟಿಕ್ ಚೀಲ) ಅಂಟಿಸಿಕೊಳ್ಳಿ, ಚರ್ಮ ಒಣಗಿರುತ್ತದೆ, ಸೋರಿದ್ದು ಅಳತೆಗೂ ಸಿಗುತ್ತದೆ. ಜ್ವರ, ಹೊಟ್ಟೆನೋವು ಬಂದರೆ ಮರಳಿ ಬನ್ನಿ. ಎರಡು ಸಲದ ನಡುವಿನ ದಿನಗಳು ಕಡಿಮೆಯಾಗುತ್ತ ಬಂದಾಗ ಮನೆಯಲ್ಲೇ ನೀರು ಹೊರಬಿಡುವ ನಳಿಗೆಯ ಬಗ್ಗೆ ಕೇಳಿ. ಉಸಿರಾಡಲಾಗದ ತನಕ ಎಳೆದು ಕೊನೆಗೆ ರಾತ್ರಿ ಕ್ಯಾಶುವಲ್ಟಿಗೆ ಓಡುವ ಬದಲು, ಟೇಪಿನ ಅಂಕಿ ನೋಡಿ ಮುಂದಿನ ತಾರೀಖನ್ನು ಮೊದಲೇ ತೆಗೆದುಕೊಳ್ಳಿ.

ಎದೆಯ ನೀರು ಶ್ವಾಸಕೋಶ, ಸ್ತನದ ಕ್ಯಾನ್ಸರಿನಲ್ಲಿ ಹೆಚ್ಚು. ಮೆಟ್ಟಿಲಲ್ಲಿ ಏದುಸಿರು, ಒಣಕೆಮ್ಮು, ಒಂದು ಮಗ್ಗುಲಿಗೆ ಮಲಗಲಾಗದಿರುವುದು ಗುರುತು. ಒಂದು ಸಲಕ್ಕೆ ಸುಮಾರು 1ರಿಂದ 1.5 ಲೀಟರಿಗೆ ನಿಲ್ಲಿಸುತ್ತಾರೆ, ಅದಕ್ಕಿಂತ ಹೆಚ್ಚು ಬೇಗ ತೆಗೆದರೆ ಅರಳುವ ಶ್ವಾಸಕೋಶವೇ ಊದಿಕೊಳ್ಳಬಹುದು. "ಎಲ್ಲ ತೆಗೆದುಬಿಡಿ" ಎಂದು ಒತ್ತಾಯ ಬೇಡ. ಮತ್ತೆ ಮತ್ತೆ ತುಂಬಿದರೆ ಟಾಲ್ಕ್ ಪುಡಿ ಹಾಕಿ ಶ್ವಾಸಕೋಶದ ಸುತ್ತಿನ ಪೊರೆಗಳನ್ನು ಅಂಟಿಸುವ ಚಿಕಿತ್ಸೆ ಇದೆ. ಮನೆಯಲ್ಲಿ ಉಸಿರು ಕಟ್ಟಿದಾಗ ಕೂರಿಸಿ, ಮುಂದೆ ಮೇಜಿನ ಮೇಲೆ ಎರಡು ದಿಂಬಿಟ್ಟು ಅದರ ಮೇಲೆ ತೋಳು ಊರಿಸಿ, ಟೇಬಲ್ ಫ್ಯಾನಿನ ಗಾಳಿ ಕೆನ್ನೆಗೆ ನೇರ ತಾಗುವಂತೆ ಇಡಿ. ಸುತ್ತ ನೆರೆದವರನ್ನು ಹೊರಗೆ ಕಳಿಸಿ.

ಊರಿಗೆ ಹೋಗುವಾಗ

ಹೊಸದಾಗಿ ಒಂದು ಕಾಲು ಊದಿದ್ದರೆ ಡಾಪ್ಲರ್ ಆಗದೆ ರೈಲು ಹತ್ತಬೇಡಿ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲೋ ಮತ್ಸ್ಯಗಂಧದಲ್ಲೋ ಕೆಳಗಿನ ಬರ್ತು ಹಿಡಿದು, ಎಚ್ಚರವಿದ್ದಾಗಲೆಲ್ಲ ಗಂಟೆಗೊಮ್ಮೆ ಪಾದ ಆಡಿಸಿ, ಸಾಧ್ಯವಾದರೆ ನಾಲ್ಕು ಹೆಜ್ಜೆ ನಡೆಸಿ, ಉಳಿದಂತೆ ಕಾಲು ಚಾಚಿಸಿ. ಕ್ಯಾನ್ಸರ್ ರೋಗಿಗಳಿಗೆ ಟಿಕೆಟ್ ರಿಯಾಯಿತಿ ಇದೆ, ಆಸ್ಪತ್ರೆಯ ನಮೂನೆ ಬೇಕು. ಲೋಕಲಿನಲ್ಲಿ ದಿವ್ಯಾಂಗರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಜಾಗವಿದೆ, ಆಸ್ಪತ್ರೆಯ ಕಾಗದ ಜೊತೆಗಿರಲಿ.

ರೋಗ ಮುಂದುವರಿದ ಮೇಲೆ

ಒಂದು ಹಂತದಲ್ಲಿ ಬಾವು ಇಳಿಯುವುದಿಲ್ಲ. ಆಗ ಗುರಿ ನೋವಿಲ್ಲದಿರುವುದು, ಚರ್ಮ ಒಡೆಯದಿರುವುದು. ತೂಕ ನೋಡಲು ಎಬ್ಬಿಸಿ ನಿಲ್ಲಿಸಬೇಡಿ. ಸಪ್ಪೆಯೂಟ ಬಿಡಿ. ಚರ್ಮದಿಂದ ನೀರು ಜಿನುಗತೊಡಗಿದರೆ ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ, ತಟ್ಟಿ ಒಣಗಿಸಿ, ಜಿಂಕ್ ಕ್ರೀಮು ಸುತ್ತ ಹಚ್ಚಿ, ದೊಡ್ಡವರ ಡಯಾಪರ್ ಬಿಡಿಸಿ ಕಾಲಿನಡಿ ಹಾಸಿ. ಬ್ಯಾಂಡೇಜಿಗಿಂತ ಅದು ಹೆಚ್ಚು ಹೀರುತ್ತದೆ, ಎಳೆಯುವಾಗ ಚರ್ಮ ಸುಲಿಯುವುದಿಲ್ಲ. ನೆನೆದಾಗಲೆಲ್ಲ ಬದಲಿಸಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಇಬ್ಬರು ಸೇರಿ ಹಾಸಿನ ಬಟ್ಟೆಯನ್ನು ಹಿಡಿದು ಸರಿಸಿ, ತೋಳು ಹಿಡಿದು ಎಳೆಯಬೇಡಿ. ಟಾಟಾದ ಪ್ಯಾಲಿಯೇಟಿವ್ (ನೋವು, ಸಂಕಟ ತಗ್ಗಿಸುವ) ವಿಭಾಗದವರಲ್ಲಿ ಮನೆಗೆ ಬಂದು ನೋಡುವ ವ್ಯವಸ್ಥೆಯ ಬಗ್ಗೆ ವಿಚಾರಿಸಿ. ಮನೆಯಲ್ಲಿ ಆರೈಕೆ ಆಗದಿದ್ದರೆ ಬಾಂದ್ರಾದಲ್ಲಿ 1986ರಿಂದ ನಡೆಯುತ್ತಿರುವ, ಮುಂದುವರಿದ ಕ್ಯಾನ್ಸರ್ ಇರುವವರನ್ನು ನೋಡಿಕೊಳ್ಳುವ ಶಾಂತಿ ಅವೇದನಾ ಸದನವಿದೆ. ಸೇರಿಸಲು ಕ್ಯಾನ್ಸರ್ ವೈದ್ಯರ ಪತ್ರ ಕೇಳಿ ತೆಗೆದುಕೊಳ್ಳಿ. ಹೋಗುವಾಗ ಫೈಲು, ಮಾತ್ರೆಗಳ ಪಟ್ಟಿ, ಆ ನೋಟ್‌ಬುಕ್ಕು ಮೂರನ್ನೂ ಒಯ್ಯಿರಿ.